ಮಳೆಗಾಲದಲ್ಲಿ ಬಂದ ಉದ್ದ ಹಗಲು

ಹೆಂಡತಿಯ ಕೈಗೆ ಮೊಬೈಲು ಬಂದಂದಿನಿಂದ ನಮ್ಮ ಮನೆಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ನಾನು ತಡೆಯುವುದಿಲ್ಲ. ಮೂಡುಬಿದಿರೆಯಿಂದ ವೇಣೂರು, ಬೆಳ್ತಂಗಡಿಗೆ ಬಸ್ಸು ಓಡಿಸುತ್ತಿದ್ದವ ನಾನು. ಚಾಲಕರೊಂದಿಗೆ ಮಾತನಾಡಬೇಡಿ ಎಂಬ ಬೋರ್ಡಿನ ಕೆಳಗೆ ಕೂತು ಆಯುಷ್ಯ ಕಳೆದಿದ್ದೇನೆ. ಮಾತು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ಹೊಸ ಹಬ್ಬ

ಜೂನ್ ತಿಂಗಳು. ಹೊರಗೆ ಮಳೆ. ಹೆಂಡತಿ ಮೊಬೈಲಿನಿಂದ ತಲೆ ಎತ್ತಿ ಕೇಳಿದಳು.

"ಹೋಯ್, ವರ್ಷದ ಅತಿ ಉದ್ದದ ಹಗಲು ಯಾವುದು, ಗೊತ್ತುಂಟಾ?"

"ನಿನ್ನ ತಂಗಿ ಬಂದ ದಿನ."

ಅವಳು ನಗಲಿಲ್ಲ. ಈ ತಿಂಗಳ ಇಪ್ಪತ್ತೊಂದಕ್ಕಂತೆ. ಸ್ವೀಡನ್ನಿನಲ್ಲಿ ಕಂಬಕ್ಕೆ ಹೂ, ಸೊಪ್ಪು ಸುತ್ತಿ ಮಕ್ಕಳು, ಮುದುಕರು ಎಲ್ಲ ಸುತ್ತ ಕಪ್ಪೆಯ ಹಾಗೆ ಕುಪ್ಪಳಿಸುತ್ತಾರಂತೆ. ಫಿನ್ಲೆಂಡಿನಲ್ಲಿ ನೀರಿನ ದಡದಲ್ಲಿ ದೊಡ್ಡ ಬೆಂಕಿ ಹಾಕುತ್ತಾರಂತೆ. ಇಂಗ್ಲೆಂಡಿನಲ್ಲಿ ಹಳೆಯ ಕಲ್ಲುಗಳ ನಡುವೆ ನಿಂತು ಸೂರ್ಯ ಹುಟ್ಟುವುದನ್ನು ಕಾಯುತ್ತಾರಂತೆ.

"ನಮ್ಮಲ್ಲಿಯೂ ಮಾಡುವ."

"ನಮ್ಮಲ್ಲಿ ಸೂರ್ಯನೇ ಇಲ್ಲ" ಎಂದೆ.

ಅವಳ ಆಸೆ ಬೇರೆ ಇತ್ತು. ನಮ್ಮ ಓಣಿಯಲ್ಲಿ ಮೂರೇ ಮನೆ. ಬಲಕ್ಕೆ ಜೈನರು, ನಿವೃತ್ತ ಮಾಸ್ಟ್ರು. ಸೂರ್ಯ ಮುಳುಗಿದ ಮೇಲೆ ಏನನ್ನೂ ತಿನ್ನುವವರಲ್ಲ. ಎಡಕ್ಕೆ ಬ್ಯಾರಿಗಳು, ಹಾಜಿಯವರು. ಬಂಟ್ವಾಳದಲ್ಲಿ ಹಾರ್ಡ್‌ವೇರ್ ಅಂಗಡಿ. ಮನೆ ಮುಟ್ಟುವಾಗ ಕತ್ತಲೆ. ಹಾಗಾಗಿ ಇಷ್ಟು ವರ್ಷ ಅಕ್ಕಪಕ್ಕ ಇದ್ದೂ ಮೂರು ಮನೆಯವರು ಒಟ್ಟಿಗೆ ಕೂತು ತಿಂದದ್ದಿಲ್ಲ. ಹೆಂಡತಿಗೆ ಇದು ಹಳೆಯ ಕೊರಗು.

"ಆ ದಿನ ಹಗಲು ಉದ್ದ. ಹಾಜಿಯವರು ಸ್ವಲ್ಪ ಬೇಗ ಹೊರಟರೆ ಮಾಸ್ಟ್ರ ಹೊತ್ತು ಮೀರುವ ಮೊದಲು ಎಲ್ಲರೂ ಕೂತುಕೊಳ್ಳಬಹುದು."

"ಭಾನುವಾರ ಮಧ್ಯಾಹ್ನ ಕರೆ."

"ಭಾನುವಾರ ಮದುವೆ ಊಟ ಬಿಟ್ಟು ನಮ್ಮಲ್ಲಿಗೆ ಯಾರು ಬರ್ತಾರೆ? ನೀವೇ ಇರುವುದಿಲ್ಲ."

ಅದು ಸತ್ಯ.

ಕಂಬ

ಕಂಬ ಬೇಕೆಂದಳು. ಹಳೆಯ ಟಿವಿ ಆಂಟೆನಾದ ಪೈಪು ಹಿತ್ತಿಲಲ್ಲಿ ಬಿದ್ದಿತ್ತು. ಎರಡು ದಿನ ಮೊದಲೇ ಅಂಗಳದ ಮೂಲೆಯಲ್ಲಿ ನೆಟ್ಟೆ. ಮೊಮ್ಮಗಳು ಮಾವಿನ ಎಲೆ, ಕೇಪಳ ಹೂ ಸುತ್ತಿದಳು. ನೋಡಲಿಕ್ಕೆ ಚೆನ್ನಾಗಿಯೇ ಇತ್ತು.

ಮೊದಲು ಹಾಲಿನವ ಬಂದ. ಕಂಬ ನೋಡಿದ. ಚಪ್ಪಲಿ ಕಳಚಿ ಕೈ ಮುಗಿದ. ಏನೆಂದು ಕೇಳಲಿಲ್ಲ. ಮಧ್ಯಾಹ್ನ ಇಬ್ಬರು ಹೆಂಗಸರು ಗೇಟಿನ ಹೊರಗೇ ನಿಂತು ಕೈ ಮುಗಿದು ಹೋದರು. ಮರುದಿನ ಬೆಳಿಗ್ಗೆ ನೋಡಿದರೆ ಬುಡದಲ್ಲಿ ಒಂದು ತೆಂಗಿನಕಾಯಿ, ನಾಲ್ಕು ಊದುಬತ್ತಿ.

ಹೆಂಡತಿಗೆ ಗಾಬರಿ. "ಇದು ಸ್ವೀಡನ್ನಿನದ್ದು ಅಂತ ಹೇಳಬಾರದಾ ನೀವು?"

"ಹೇಳಿದೆ. ಹಾಲಿನವ ಕೇಳಿದ, ಅಲ್ಲಿಂದ ಇಲ್ಲಿಯವರೆಗೆ ಬಂದದ್ದಾದರೆ ಕಾರಣಿಕದ ಶಕ್ತಿ ಜಾಸ್ತಿ ಇರಬೇಕಲ್ಲ ಅಂತ."

ಹಬ್ಬ ಮುಗಿದರೂ ಕಂಬ ಅಲ್ಲೇ ಉಂಟು. ಕೀಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಬಟ್ಟೆ ಒಣಗಿಸುವ ಹಗ್ಗ ಕಟ್ಟುವ ಹಾಗೂ ಇಲ್ಲ.

ಅಡುಗೆ

ಸ್ವೀಡನ್ನಿನವರು ಆ ದಿನ ಎಳೆ ಬಟಾಟೆ ಬೇಯಿಸಿ, ಹುಳಿ ಹಾಕಿದ ಮೀನಿನೊಡನೆ ತಿನ್ನುತ್ತಾರಂತೆ. ಹೆಂಡತಿ ಮಾಸ್ಟ್ರ ಮನೆಗೆ ಹೋಗಿ ಕೇಳಿದಳು.

"ಬಟಾಟೆ ಮಣ್ಣಿನ ಅಡಿಯದ್ದು, ನಮಗಾಗುವುದಿಲ್ಲ" ಎಂದರು ಮಾಸ್ಟ್ರು. "ಮೀನು ಮಣ್ಣಿನ ಅಡಿಯದ್ದಲ್ಲ, ಆದರೂ ಆಗುವುದಿಲ್ಲ."

ಮೀನು ಹೇಗೂ ಇರಲಿಲ್ಲ. ಮಳೆಗಾಲ, ದೊಡ್ಡ ಬೋಟುಗಳೆಲ್ಲ ದಡದಲ್ಲಿ. ಕಡೆಗೆ ಮೂರು ಮನೆಗೂ ಆಗುವಂಥದ್ದು ಹುಡುಕಿ, ಬಾಳೆಲೆಯಲ್ಲಿ ಬೇಯಿಸಿದ ಕಾಯಿ ಬೆಲ್ಲದ ಕಡುಬು, ನಮ್ಮ ಕಡೆಯ ಗಟ್ಟಿ, ಎಂದು ತೀರ್ಮಾನವಾಯಿತು.

"ಇದರಲ್ಲಿ ಸ್ವೀಡನ್ನಿನದ್ದು ಏನುಂಟು?" ಎಂದೆ.

"ತಿನ್ನುವ ದಿನ" ಎಂದಳು.

ಬೆಂಕಿ

ಇಪ್ಪತ್ತೊಂದಕ್ಕೆ ಬೆಳಗ್ಗಿನಿಂದ ಒಂದೇ ಸಮನೆ ಮಳೆ. ಅಂಗಳದಲ್ಲಿ ಬೆಂಕಿ ಹಾಕುವುದು ದೂರದ ಮಾತು, ಬೀಡಿ ಹಚ್ಚಲಿಕ್ಕೂ ಆಗುತ್ತಿರಲಿಲ್ಲ. ಒಣಗಿದ ಸೌದೆ ಇದ್ದದ್ದು ಬಚ್ಚಲುಮನೆಯಲ್ಲಿ. ಅಲ್ಲಿಯ ಒಲೆಗೇ ಬೆಂಕಿ ಹಾಕಿದೆ. ಮೂರು ಮನೆಯ ಮಕ್ಕಳು ಸುತ್ತ ಕೂತು ಹಲಸಿನ ಬೀಜ ಸುಟ್ಟು ತಿಂದರು. ಕೆಲವು ದೇಶಗಳಲ್ಲಿ ಬೆಂಕಿಯ ಮೇಲಿಂದ ಹಾರುತ್ತಾರೆಂದು ಮೊಮ್ಮಗಳು ಕೇಳಿದ್ದಳು.

"ಅಜ್ಜ, ಹಾರುವುದಾ?"

"ಮೇಲೆ ಹಂಡೆ ಉಂಟು."

ಮಾಸ್ಟ್ರು ಕೊಡೆ ಮಡಚಿ ಬಾಗಿಲಲ್ಲಿ ನಿಂತು ಎಲ್ಲ ನೋಡಿದರು. ಬೆಂಕಿಯ ನಂತರ ಫಿನ್ಲೆಂಡಿನವರು ಏನು ಮಾಡುತ್ತಾರೆ ಎಂದು ಕೇಳಿದರು. ಹಬೆ ತುಂಬಿದ ಕೋಣೆಯಲ್ಲಿ ಕೂತು, ಎಲೆಯಿರುವ ಕೋಲಿನಿಂದ ಮೈಗೆ ಹೊಡೆದುಕೊಂಡು, ಸ್ನಾನ ಮಾಡುತ್ತಾರೆ ಎಂದಳು ಹೆಂಡತಿ.

ಮಾಸ್ಟ್ರು ಹಂಡೆ ನೋಡಿದರು, ಹಬೆ ನೋಡಿದರು, ಮಸಿ ಬಳಿದುಕೊಂಡ ಮಕ್ಕಳನ್ನು ನೋಡಿದರು. "ಹೊಡೆತ ಒಂದು ಬಾಕಿ" ಎಂದರು.

ಹೊತ್ತು

ಸಂಜೆ. ಎಲೆ ಹಾಕಿ ಆಯಿತು. ಬಿಸಿ ಗಟ್ಟಿ ಬಂತು. ಹಾಜಿಯವರ ಹೆಂಡತಿ, ಮಕ್ಕಳು ಬಂದರು. ಹಾಜಿಯವರಿಲ್ಲ. ದಾರಿಯಲ್ಲಿ ನೀರು ನಿಂತಿದೆಯಂತೆ. ಅಷ್ಟರಲ್ಲಿ ಕರೆಂಟೂ ಹೋಯಿತು.

ಮೋಡ ಎಷ್ಟು ದಟ್ಟವೆಂದರೆ ಸೂರ್ಯ ಇದ್ದಾನೋ ಮುಳುಗಿದನೋ ಗೊತ್ತಾಗುವ ಹಾಗಿಲ್ಲ. ಮಾಸ್ಟ್ರು ಮತ್ತೆ ಮತ್ತೆ ಬಾಗಿಲಿಗೆ ಹೋಗಿ ಆಕಾಶ ನೋಡಿದರು.

"ನೀವು ತಿನ್ನಿ ಮಾಸ್ಟ್ರೇ" ಎಂದಳು ಹೆಂಡತಿ. ಸ್ವರ ಸಣ್ಣದಾಗಿತ್ತು.

"ಒಟ್ಟಿಗೆ ಅಂತ ಹೇಳಿ ಆಗಿದೆಯಲ್ಲ ಅಕ್ಕ. ಕಾಯುವ." ಹೇಳುವಾಗ ಅವರ ಕಣ್ಣು ಗಟ್ಟಿಯ ಮೇಲಿತ್ತು.

ನಾನು ಗೇಟಿಗೆ ಹೋಗಿ ನಿಂತೆ. ಬೇರೆ ಏನು ಮಾಡುವುದು?

ಕಡೆಗೆ ಸ್ಕೂಟರಿನ ಬೆಳಕು ಕಂಡಿತು. ಹಾಜಿಯವರು ತಲೆಯಿಂದ ಕಾಲಿನವರೆಗೆ ಒದ್ದೆ. ಮಾಸ್ಟ್ರು ಜಗಲಿಯಿಂದಲೇ ಕೇಳಿದರು.

"ಹಾಜಿಯವರೇ, ಸೂರ್ಯ ಮುಳುಗಿದನಾ?"

"ಮಸೀದಿಯಲ್ಲಿ ಮಗ್ರಿಬ್ ಬಾಂಗ್ ಆಗಲಿಲ್ಲವಲ್ಲ ಮಾಸ್ಟ್ರೇ. ಸೂರ್ಯ ಮುಳುಗದೆ ಅದಾಗುವುದಿಲ್ಲ. ಕೂತುಕೊಳ್ಳಿ, ಕೂತುಕೊಳ್ಳಿ."

ಹಾಜಿಯವರು ಒದ್ದೆ ಅಂಗಿಯಲ್ಲೇ ಕೂತರು. ಮೂರು ಮನೆಯೂ ಒಟ್ಟಿಗೆ ತಿಂದಿತು. ಮಾತಿಗೆ ಪುರುಸೊತ್ತಿರಲಿಲ್ಲ. ಮಾಸ್ಟ್ರ ಕೈ ಗಟ್ಟಿಯಲ್ಲಿ, ಕಿವಿ ಮಸೀದಿಯ ಕಡೆ. ಮೂರು ಮುಗಿಸಿ ನಾಲ್ಕನೆಯದರ ಎಲೆ ಬಿಡಿಸಿದ್ದರು. ಬಾಂಗ್ ಕೇಳಿತು. ಹಾಗೆಯೇ ಕೆಳಗಿಟ್ಟರು. ಹಾಜಿಯವರು ನಮಾಜಿಗೆ ಎದ್ದರು. ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡು, ಹೊಗೆ ಎಂದಳು.

ಮರುದಿನ ಬೆಳಿಗ್ಗೆ ಮಾಸ್ಟ್ರು ಗೇಟಿನ ಹತ್ತಿರ ಹಾಜಿಯವರನ್ನು ನಿಲ್ಲಿಸಿದರು.

"ಉದ್ದದ ಹಗಲು ಮುಗೀತು. ಇನ್ನು ಬಾಂಗ್ ದಿನಾ ಬೇಗ ಆಗ್ತಾ ಬರ್ತದಲ್ಲ?"

ಹಾಜಿಯವರು ಮೊಬೈಲು ನೋಡಿದರು. "ಇಲ್ಲ ಮಾಸ್ಟ್ರೇ. ಇನ್ನೂ ಸ್ವಲ್ಪ ದಿನ ತಡವಾಗ್ತಾ ಹೋಗ್ತದೆ. ಜುಲೈ ಬರಬೇಕು."

ಹೆಂಡತಿ ತನ್ನ ಮೊಬೈಲಿನಲ್ಲಿ ಹುಡುಕಿದಳು. ನಿಜವಂತೆ. ಹಗಲು ಅತಿ ಉದ್ದ ಇಪ್ಪತ್ತೊಂದಕ್ಕೇ. ಆದರೆ ಆಮೇಲೆ ಕೆಲವು ದಿನ ಸೂರ್ಯ ಬೆಳಿಗ್ಗೆ ತಡವಾಗಿ ಬಂದು ಸಂಜೆ ತಡವಾಗಿ ಹೋಗುತ್ತಾನಂತೆ. ನಮ್ಮ ಕಂಡಕ್ಟರುಗಳಲ್ಲಿಯೂ ಅಂಥವರಿದ್ದರು.

ಮಾಸ್ಟ್ರು ಬೆರಳಲ್ಲಿ ದಿನ ಎಣಿಸಿದರು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ ಗಂಭೀರವಾಗಿ ಹೇಳಿದರು.

"ಹಾಗಾದರೆ ಅಕ್ಕ, ನಾವು ಮಾಡಿದ್ದು ತಪ್ಪು ದಿನ. ಜುಲೈಯಲ್ಲಿ ಇನ್ನೊಮ್ಮೆ ಮಾಡುವ. ನನಗೆ ಒಂದು ಗಟ್ಟಿ ಬಾಕಿ ಉಂಟು."