ರೋಮಿನಲ್ಲಿ ಸಿಗದ ಎಲೆ-ಅಡಿಕೆ

ಒಬ್ಬರ ಮನೆಗೆ ಹೋಗುವುದು ಸುಲಭ. ಹೋದ ಮೇಲೆ ಅಲ್ಲಿಂದ ಏಳುವುದೇ ಕಷ್ಟ, ಅದರಲ್ಲೂ ನನ್ನಂಥವನಿಗೆ. ನನ್ನ ಕಾಲಲ್ಲಿ ಚಕ್ರವಿದೆ ಎಂದು ಅವ್ವ ಹೇಳುತ್ತಿದ್ದಳು. ಊಟಕ್ಕೆ ಕೂತಾಗಲೂ ನನ್ನ ಒಂದು ಮೊಣಕಾಲು ಕುಣಿಯುತ್ತಲೇ ಇರುತ್ತದೆ. ಸಾಲೆಯಲ್ಲಿ ಮಾಸ್ತರನಾಗಿದ್ದಾಗ ಕುರ್ಚಿಯಲ್ಲಿ ಕೂತು ಪಾಠ ಹೇಳಿದವನೇ ಅಲ್ಲ. ಆ ಗೋಡೆಯಿಂದ ಈ ಗೋಡೆಗೆ ನಾನು ಅಡ್ಡಾಡುವುದನ್ನು ನೋಡಿ ನೋಡಿ ಹುಡುಗರ ಕುತ್ತಿಗೆ ನೋಯುತ್ತಿತ್ತು. ಇಂಥ ನಾನು ಒಂದು ರವಿವಾರ ಇಡೀ ಮಧ್ಯಾಹ್ನ ಒಂದೇ ಕುರ್ಚಿಗೆ ಅಂಟಿಕೊಂಡು ಕೂತಿದ್ದೆ, ಅದೂ ರೋಮ್ ಪಟ್ಟಣದಲ್ಲಿ, ಎಂದರೆ ನಮ್ಮೂರು ಮೂಡಲಗಿಯಲ್ಲಿ ಯಾರೂ ನಂಬುವುದಿಲ್ಲ. ಹೇಳುವಾಗ ನನಗೇ ಅರ್ಧ ನಂಬಿಕೆ ಬರುವುದಿಲ್ಲ.

ಎರಡನೆಯ ದೊಡ್ಡ ಲಡಾಯಿಯ ಕಾಲ. ಪಗಾರ ಚೆನ್ನಾಗಿದೆಯೆಂದು ಮಾಸ್ತರಿಕೆ ಬಿಟ್ಟು ಪಲ್ಟನ್ನಿನ ಕಾರಕೂನನಾಗಿ ಸೇರಿದ್ದೆ. ತಿರುಗಿ ತಿರುಗಿ ನಮ್ಮ ಪಲ್ಟನ್ನು ಇಟಲಿಗೆ ಬಂದು ನಿಂತಿತು. ಅಲ್ಲಿ ಶನಿವಾರ, ರವಿವಾರ ಎರಡು ದಿನ ರೋಮ್ ನೋಡಿಕೊಂಡು ಬರಲು ರಜೆ ಸಿಕ್ಕಿತು ಎಂದು ತಿಳಿದಾಗ ನನಗೆ ಮೊದಲು ನೆನಪಾದವನು ಕುಲಗೋಡದ ನಮ್ಮ ಮಾವ, ಅಂದರೆ ನನ್ನ ಹೆಂಡತಿಯ ತಂದೆ. ಈ ಮಾವ ಹರೆಯದಲ್ಲಿ ಒಮ್ಮೆ ಕಾಶಿಗೆ ಹೋಗಿ ಬಂದವನು. ಬಂದ ದಿನ ಬಾಯಿ ತೆರೆದವನು ಇನ್ನೂ ಮುಚ್ಚಿಲ್ಲ. ನನ್ನ ಮದುವೆಯ ಹಂದರದಲ್ಲಿ ಕಾಶಿ, ಮಗನ ತೊಟ್ಟಿಲಲ್ಲಿ ಕಾಶಿ, ಎತ್ತಿಗೆ ಲಾಳ ಹೊಡೆಸುವಾಗಲೂ ಕಾಶಿ. ನಾನೇನಾದರೂ ಹೇಳಲು ಹೋದರೆ, "ನೀವಿನ್ನಾ ಘಟಪ್ರಭಾ ದಾಟಿದವರಲ್ರಿ ಅಳಿಯಂದ್ರ, ಸುಮ್ ಕುಂದರ್ರಿ" ಎನ್ನುತ್ತಿದ್ದ. ರೋಮಿನ ಆ ದೊಡ್ಡ ಗುಮ್ಮಟದ ಇಗರ್ಜಿಯನ್ನು ಒಮ್ಮೆ ಕಣ್ಣಾರೆ ನೋಡಿಬಿಟ್ಟರೆ ಸಾಕು, ಈ ಕಾಶಿಯ ಬಾಯಿಗೆ ಬೀಗ ಬೀಳುತ್ತದೆ ಎಂದು ಲೆಕ್ಕ ಹಾಕಿದೆ. ದೇಶ ನೋಡುವ ಆಸೆಗಿಂತ ಮಾವನನ್ನು ಮಣಿಸುವ ಆಸೆಯೇ ದೊಡ್ಡದಾಗಿತ್ತು. ಮುಚ್ಚಿಟ್ಟು ಏನು ಮಾಡಲಿ.

ಜೊತೆಗೆ ಬಂದವನು ಹುಕ್ಕೇರಿಯ ದಸ್ತಗೀರ, ನಮ್ಮ ಪಲ್ಟನ್ನಿನ ಲಾರಿ ಡ್ರೈವರುಗಳಲ್ಲಿ ಒಬ್ಬ. ಸಾವಿರಾರು ಮೈಲು ದೂರದಲ್ಲಿ ನಮ್ಮ ಕಡೆಯ ಮಾತು ಕಿವಿಗೆ ಬಿದ್ದರೆ ಸಾಕು ಎನ್ನುವ ಕಾಲದಲ್ಲಿ ಸಿಕ್ಕ ಗೆಳೆಯ. ಬಂಗಾರದಂಥ ಮನುಷ್ಯ, ಆದರೆ ಅವನಲ್ಲಿ ಎರಡು ದೋಷ. ಕೆಟ್ಟು ನಿಂತ ಮೋಟಾರು ಕಂಡರೆ ಮುಂದೆ ಹೆಜ್ಜೆ ಇಡುವುದಿಲ್ಲ. ಎರಡನೆಯದು ರೀತಿ ರಿವಾಜು. ಹುಕ್ಕೇರಿಯಲ್ಲಿ ಅವರ ಮನೆತನ ಆದರಾತಿಥ್ಯಕ್ಕೆ ಹೆಸರಾದದ್ದಂತೆ. ಹೆಸರಾಗಿರಲಿ, ಬೇಡ ಎಂದವರು ಯಾರು? ಆ ಹೆಸರನ್ನು ಇವನು ರೋಮಿಗೂ ಹೊತ್ತು ತಂದಿದ್ದ.

ಶನಿವಾರ ಬೇರೊಬ್ಬ ಡ್ರೈವರ್ ರಜೆಯವರನ್ನೆಲ್ಲ ತುಂಬಿಕೊಂಡು ತಂದ ಲಾರಿ ದಾರಿಯಲ್ಲಿ ಕೈಕೊಟ್ಟು, ಊರು ಮುಟ್ಟುವಷ್ಟರಲ್ಲಿ ಕತ್ತಲಾಯಿತು. ಉಳಿದದ್ದು ರವಿವಾರವೊಂದೇ, ಅದೂ ಸಂಜೆ ಲಾರಿ ತಿರುಗಿ ಹೊರಡುವ ತನಕ. ಬೆಳಗ್ಗೆ ನಾನು ಕಾಲಿಗೆ ಬೂಟು ಸಿಕ್ಕಿಸಿಕೊಂಡು ಓಡಲು ಶುರು ಮಾಡಿದೆ. ಹಿಂದಿನಿಂದ ದಸ್ತಗೀರ, "ಅದು ನಮ್ಮ ಬಿಜಾಪುರದ ಗೋಳಗುಮ್ಮಟಕಿಂತ ದೊಡ್ಡದೈತೇನ್ರಿ ಮಾಸ್ತರ್ರ?" ಎಂದು ಕೇಳುತ್ತ ಬರುತ್ತಿದ್ದ. "ನೋಡಿ ಹೇಳ್ತೇನಿ, ನಡಿ ನೀ" ಎಂದೆ. ಎರಡು ಓಣಿ ದಾಟಿರಲಿಲ್ಲ, ಒಬ್ಬ ಮುದುಕ ರಸ್ತೆಯ ಮಧ್ಯದಲ್ಲಿ ಮೂರು ಗಾಲಿಯ ಮೋಟಾರು ಗಾಡಿ ನಿಲ್ಲಿಸಿಕೊಂಡು ತಲೆ ಚಚ್ಚಿಕೊಳ್ಳುತ್ತಿದ್ದ. ತಿರುಗಿ ನೋಡಿದರೆ ದಸ್ತಗೀರ ಆಗಲೇ ಅಂಗಿಯ ತೋಳು ಮಡಚಿದ್ದ.

ಗಾಡಿ ಗುರುಗುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಮುದುಕ ಖುಷಿಯಿಂದ ದಸ್ತಗೀರನ ಎರಡೂ ಕೆನ್ನೆಗೆ ಮುತ್ತು ಕೊಟ್ಟ, ಮನೆ ಬಾಜೂಕ್ಕೇ ಇದೆ, ಊಟ ಮಾಡಿಯೇ ಹೋಗಬೇಕು ಎಂದು ಕೈ ಹಿಡಿದ. ಹೀಗೆಂದು ದಸ್ತಗೀರ ಹೇಳಿದ. ಹಾದಿಬೀದಿಯಲ್ಲಿ ಕಲಿತ ಹತ್ತಿಪ್ಪತ್ತು ಇಟಾಲಿಯನ್ ಮಾತು ಅವನಿಗೆ ಬರುತ್ತಿದ್ದವು. ನಾನು ಬೇಡವೆಂದು ಕಣ್ಣು ಸನ್ನೆ ಮಾಡಿದೆ. "ಊಟಕ್ಕ ಕರದವರಿಗೆ ಒಲ್ಲೆ ಅನಬಾರದ್ರಿ" ಎಂದು ಅವನು ನನ್ನನ್ನೇ ಗದರಿಸಿದ.

ಮನೆ ಚಿಕ್ಕದು, ಚೊಕ್ಕಟ. ಮುದುಕಿ ನಕ್ಕು ಬರಮಾಡಿಕೊಂಡಳು. ದಸ್ತಗೀರ ತನ್ನ ಪಾಲಿನ ಚಹಾಪುಡಿ ಸಕ್ಕರೆ ತೆಗೆದು ಕೈಗಿಟ್ಟಾಗ ಆಕೆಯ ಕಣ್ಣಲ್ಲಿ ನೀರೇ ಬಂತು. ನಾನು ಮಾಂಸ ಮುಟ್ಟುವವನಲ್ಲ, ಮದ್ಯ ಇಬ್ಬರಿಗೂ ವರ್ಜ್ಯ. ಇದನ್ನು ಸನ್ನೆಯಲ್ಲಿ ತಿಳಿಸುವಷ್ಟರಲ್ಲಿ ನಮಗೆ ಹೊಟ್ಟೆಯ ಬೇನೆ ಇದೆಯೆಂದು ಆಕೆ ತಿಳಿದಿರಬೇಕು. ಕೊನೆಗೆ ರೊಟ್ಟಿ, ಬೇಯಿಸಿದ ಅವರೆಯಂಥ ಕಾಳು ಬಂದವು. ರುಚಿಯಾಗಿದ್ದವು. ತಾಟು ಬಳಿದು ಉಂಡೆವು. ಆಮೇಲೆ ಕೂತೆವು.

ಇಲ್ಲಿ ನಮ್ಮ ಕಡೆಯ ಪದ್ಧತಿ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಊಟವಾದ ಮೇಲೆ ಬಂದವರು ತಾವಾಗಿ ಎದ್ದು ಹೋಗುವಂತಿಲ್ಲ. ಮನೆಯವರು ಎಲೆ-ಅಡಿಕೆಯ ತಟ್ಟೆ, ಎಲೆ ಇಲ್ಲದಿದ್ದರೆ ಬಡೇಸೋಪು ಎನ್ನುವ ಸೋಂಪಿನ ಕಾಳನ್ನಾದರೂ, ತಂದು ಮುಂದಿಡಬೇಕು. ಅದೇ ಅಪ್ಪಣೆ. ತಟ್ಟೆ ಬರುವ ಮೊದಲೇ ಎದ್ದರೆ ಊಟ ಸೇರಲಿಲ್ಲವೆಂದು ಅರ್ಥ. ಆ ಮನೆಯ ಹೆಣ್ಣುಮಗಳು ಎಂಟು ದಿನ ಅದನ್ನೇ ನೆನೆಸಿಕೊಂಡು ಮುಖ ಸಣ್ಣದು ಮಾಡುತ್ತಾಳೆ.

"ಏಳೋ ದಸ್ತಗೀರ, ಹೊತ್ತಾತು" ಎಂದು ಪಿಸುಗುಟ್ಟಿದೆ.

"ಎಲಿ-ಅಡಿಕಿ ಬಂದಿಲ್ಲಲ್ರಿ ಮಾಸ್ತರ್ರ. ಹಂಗ ಎದ್ದ ಹ್ವಾದ್ರ ಆ ಅಜ್ಜಿ ಮನಸಿಗೆ ಏನ್ ಅನಸ್ತೈತಿ?"

"ಈ ದೇಶದಾಗ ಎಲಿ ಎಲ್ಲಿ ಬೆಳೀತೈತೋ ಮಾರಾಯಾ?"

"ಎಲಿ ಇಲ್ಲಂದ್ರ ಮತ್ತೊಂದ ಏನರ ಇರತೈತಿ. ಅಪ್ಪಣಿ ಕೊಡೂದು ಎಲ್ಲಾ ದೇಶದಾಗೂ ಇರತೈತ್ರಿ. ಅವಸರ ಮಾಡಬ್ಯಾಡ್ರಿ. ನಮ್ಮಪ್ಪ ಒಮ್ಮೆ ಸಂಕೇಶ್ವರದಾಗ ಎಲಿ ಕೊಡೂದ ಮರತ ಮನ್ಯಾಗ ಮರುದಿನದ ತನಕಾ ಕುಂತಿದ್ದ."

ಅವನಪ್ಪನ ಕತೆ ಕೇಳಿ ನನಗೆ ಧೈರ್ಯ ಬರಲಿಲ್ಲ. ಹೊರಗೆ ಎಲ್ಲೋ ಗಂಟೆಗಳು ಬಾರಿಸಿದವು. ಅವು ಆ ಗುಮ್ಮಟದ ಇಗರ್ಜಿಯ ಗಂಟೆಗಳೇ ಇರಬೇಕು ಎನಿಸಿ ಮೊಣಕಾಲು ಕುಣಿಯತೊಡಗಿತು. ಮುದುಕಿ ನಮ್ಮ ಬರಿದಾದ ತಾಟುಗಳನ್ನು ನೋಡಿದಳು, ಗಂಡನನ್ನು ನೋಡಿದಳು, ಒಳಗೆ ಹೋಗಿ ಮತ್ತೆ ಕಾಳು ತಂದು ಬಡಿಸಿದಳು. ಅನ್ನ ಬಿಟ್ಟರೆ ಪಾಪ ಎಂದು ನಾವು ಮತ್ತೆ ಬಳಿದು ಉಂಡೆವು. ತಾಟು ಬರಿದಾದದ್ದು ಕಂಡು ಇನ್ನೂ ಹಸಿವೆ ಇದೆಯೆಂದು ಆಕೆ ಒಣಗಿದ ಅಂಜೂರ ತಂದಳು. ಅಂಜೂರವೂ ಮುಗಿಯಿತು. ಆಮೇಲೆ ನಮ್ಮದೇ ಚಹಾ ಕುದಿಸಿ ತಂದಳು. ಹೀಗೆ ಆಕೆ ತರುವುದು, ನಾವು ಮುಗಿಸುವುದು ನಡೆದೇ ಇತ್ತು. ಮುದುಕನೂ ಕೂತಲ್ಲಿ ಕೂರುತ್ತಿರಲಿಲ್ಲ. ಟೋಪಿ ಕೈಗೆತ್ತಿಕೊಳ್ಳುವನು, ಕಿಟಕಿಯ ಹತ್ತಿರ ಹೋಗಿ ಇಣುಕುವನು, ನಮ್ಮನ್ನು ನೋಡಿ ನಕ್ಕು ಟೋಪಿ ಕೆಳಗಿಡುವನು. ಪಾಪ, ಎಲ್ಲಿಗೋ ಹೋಗಬೇಕಾಗಿದೆ, ನಾವು ಏಳಲೆಂದು ಕಾಯುತ್ತಿದ್ದಾನೆ ಎಂದು ನನಗೆ ನಾಚಿಕೆಯಾಯಿತು. "ಅದಕ್ಕ ಹೇಳಾಕತ್ತೇನಿ, ಏಳು" ಎಂದು ದಸ್ತಗೀರನ ತೊಡೆ ಚಿವುಟಿದೆ. ಅವನು ಗೋಡೆಯ ಮೇಲಿನ ತಾಯಿ-ಮಗುವಿನ ಚಿತ್ರವನ್ನು ನೋಡುತ್ತ ಕಲ್ಲಿನಂತೆ ಕೂತ. ನನಗೆ ಅಳುವೇ ಬರುವಂತಾಗಿತ್ತು. ಇಡೀ ರೋಮ್ ಬಾಗಿಲಾಚೆ ಬಿದ್ದಿದೆ, ನಾನು ಇಲ್ಲಿ ಕಾಳು ತಿನ್ನುತ್ತ ಕೂತಿದ್ದೇನೆ.

ಬಿಸಿಲು ಗೋಡೆ ಬಿಟ್ಟು ಮೇಲೆ ಸರಿದಿತ್ತು. ಮುದುಕಿ ಸಾಕಾದ ಮುಖದಿಂದ ಇನ್ನೊಂದು ತಟ್ಟೆ ತಂದಳು. ಅದರಲ್ಲಿ ಬಿಳಿಯ ಗಡ್ಡೆಯಂಥದೊಂದನ್ನು ಹೆಚ್ಚಿಟ್ಟಿದ್ದಳು. ದಸ್ತಗೀರ ಒಂದು ಚೂರು ಬಾಯಿಗೆ ಹಾಕಿಕೊಂಡವನೇ ಕಣ್ಣರಳಿಸಿ ಎದ್ದು ನಿಂತ.

"ಬಡೇಸೋಪ್ರಿ ಮಾಸ್ತರ್ರ! ಖರೇನ ಬಡೇಸೋಪಿನ ರುಚಿ! ಏಳ್ರಿ ಏಳ್ರಿ, ಅಪ್ಪಣಿ ಸಿಕ್ತು!"

ಹೊಸ ತಟ್ಟೆ ಬಂದೊಡನೆ ಅತಿಥಿಗಳು ಜಿಗಿದೆದ್ದದ್ದು ಕಂಡು ಮುದುಕಿ ಬೆಪ್ಪಾದಳು. ನಾವು ಕೈ ಮುಗಿದು ಹೊರಗೆ ಬಂದೆವು. ಮುದುಕ ಟೋಪಿ ತಲೆಗೇರಿಸಿ ನಮಗಿಂತ ಮುಂದೆ ಓಡಿ ಬಂದು ತನ್ನ ಗಾಡಿಯ ಹಿಂದಿನ ಹಲಗೆ ಒರೆಸಿದ. ನಮಗೆ ಕೂರಲು ಸನ್ನೆ ಮಾಡಿ, ಎರಡೂ ಕೈಗಳಿಂದ ಆಕಾಶದಲ್ಲಿ ದೊಡ್ಡದೊಂದು ಗುಮ್ಮಟ ಬರೆದು ತೋರಿಸಿದ. ದಸ್ತಗೀರ ಅವನೊಂದಿಗೆ ಏನೋ ಮಾತಾಡಿ, ತಲೆ ತಗ್ಗಿಸಿ ನನ್ನ ಕಡೆ ತಿರುಗಿದ.

"ಮಧ್ಯಾಹ್ನದಿಂದ ನಮಗ ಊರು ತೋರಸಾಕಂತ ಕಾಯಾಕತ್ತಾನಂತ್ರಿ. ಉಣ್ಣಾಕತ್ತವರನ್ನ ಹೆಂಗ ಎಬ್ಬಸೂದು ಅಂತ ಸುಮ್ನ ಕುಂತಿದ್ನಂತ."

ನಮಗೆ ಲಾರಿಯ ಹೊತ್ತಾಗಿತ್ತು. ಆ ಪುಣ್ಯಾತ್ಮ ತನ್ನ ಗಾಡಿಯಲ್ಲಿ ನಮ್ಮನ್ನು ಲಾರಿಯ ಹತ್ತಿರಕ್ಕೆ ಬಿಟ್ಟು, ನನ್ನ ಕೆನ್ನೆಗೂ ಮುತ್ತು ಕೊಟ್ಟು ಹೋದ. ಲಾರಿ ಊರು ದಾಟುವಾಗ ಯಾರೋ "ಅಗೋ ಗುಮ್ಮಟ" ಎಂದರು. ಎಲ್ಲರೂ ಒಮ್ಮೆಲೇ ಎದ್ದು ನಿಂತರು. ನಾನೂ ಎದ್ದೆ. ನನ್ನ ಮುಂದೆ ಆರಡಿಯ ಪಂಜಾಬಿಯೊಬ್ಬ ಪಗಡಿ ಕಟ್ಟಿಕೊಂಡು ನಿಂತಿದ್ದ. ದಸ್ತಗೀರ ಅಪರಾಧಿಯ ದನಿಯಲ್ಲಿ, "ಕಂಡತೇನ್ರಿ ಮಾಸ್ತರ್ರ?" ಎಂದ. "ಕಂಡತು" ಎಂದೆ. ಅವನ ಮೇಲೆ ಸಿಟ್ಟು ಮಾಡಲು ಮನಸ್ಸಾಗಲಿಲ್ಲ. ಹೊಟ್ಟೆಯೂ ತುಂಬಿತ್ತು.

ಈಗ ಲಡಾಯಿ ಮುಗಿದು ಮತ್ತೆ ಮೂಡಲಗಿಗೆ ಬಂದಿದ್ದೇನೆ. ಕುಲಗೋಡದ ಮಾವ ಬರುತ್ತಾನೆ, ಊಟ ಮಾಡುತ್ತಾನೆ, ಕಾಶಿ ಶುರು ಮಾಡುತ್ತಾನೆ. ನಾನು ಬಿಡುವುದಿಲ್ಲ, ನಡುವೆಯೇ ಬಾಯಿ ಹಾಕಿ ರೋಮ್ ಶುರು ಮಾಡುತ್ತೇನೆ. ಕಾಣದ ಗುಮ್ಮಟವಾದ್ದರಿಂದ ಅದು ವರ್ಷವರ್ಷಕ್ಕೆ ಬೆಳೆಯುತ್ತಿದೆ. ಗೋಳಗುಮ್ಮಟವನ್ನು ಎಂದೋ ದಾಟಿ ಹೋಗಿದೆ. ನಾನು ಹೇಳುತ್ತ ಹೋದಂತೆ ಮಾವ ರುಮಾಲು ತೆಗೆದು ತೊಡೆಯ ಮೇಲಿಡುತ್ತಾನೆ, ಮತ್ತೆ ತಲೆಗೆ ಸುತ್ತುತ್ತಾನೆ, ಬಾಗಿಲ ಕಡೆ ಇಣುಕುತ್ತಾನೆ. ಈಚೀಚೆಗೆ ಅವನ ಮೊಣಕಾಲೂ ಕುಣಿಯುವುದನ್ನು ಕಂಡಿದ್ದೇನೆ. ಆದರೆ ಅವನ ಮಗಳು ಅಡಿಗೆಮನೆಯಲ್ಲಿ ಕಿವಿಗೊಟ್ಟು ನಿಂತಿರುತ್ತಾಳೆ. ನಾನು ಆ ದೊಡ್ಡ ಇಗರ್ಜಿಯ ಮೆಟ್ಟಿಲೇರಿ, ಇನ್ನೇನು ಗುಮ್ಮಟದೊಳಗೆ ಕಾಲಿಡಬೇಕು, ಅಷ್ಟರಲ್ಲಿ ಎಲೆ-ಅಡಿಕೆಯ ತಟ್ಟೆ ತಂದು ಅಪ್ಪನ ಮುಂದಿಟ್ಟುಬಿಡುತ್ತಾಳೆ. ಮಾವ ಒಂದು ಎಲೆ ಎತ್ತಿಕೊಂಡು, "ಬರ್ತೇನ್ರಿ ಅಳಿಯಂದ್ರ" ಎಂದು ಎದ್ದೇಬಿಡುತ್ತಾನೆ. ಬಾಯಿಮಾತಿನಲ್ಲಾದರೂ ಆ ಗುಮ್ಮಟದ ಒಳಗೆ ಹೋಗುವ ಯೋಗ ನನಗೆ ಇನ್ನೂ ಬಂದಿಲ್ಲ.