ನಾಲ್ಕು ಬೆರಳು ಕುಳ್ಳಾದ ಕುರ್ಚಿ

ಬೆಳಗಿನ ಮೊದಲ ಗಂಟೆಯ ಸದ್ದು ಇನ್ನೂ ಅಡಗಿರಲಿಲ್ಲ, ನೆರಳುಗುಮಾಸ್ತನ ಕುರ್ಚಿಯ ಹಿಂಗಾಲು ಲಟಕ್ಕನೆ ಮುರಿಯಿತು.

ತಪ್ಪು ಅವನದಲ್ಲ. ಕತ್ತಲ ಲೋಕದಲ್ಲಿ ದೇವರುಗಳಿಗೆ ಸಾವಿಲ್ಲ, ಸರಿ, ಗೆದ್ದಲಿಗೂ ಇಲ್ಲವಲ್ಲ! ಮುನ್ನೂರು ವರ್ಷ ಅವನನ್ನು ಹೊತ್ತ ಕುರ್ಚಿ ಒಳಗೊಳಗೇ ಟೊಳ್ಳಾಗಿತ್ತು. ಬೇರೆ ಯಾವ ಲೋಕದಲ್ಲಾದರೂ ಎದ್ದು ಬಟ್ಟೆ ಕೊಡವಿಕೊಂಡು ಇನ್ನೊಂದು ಕುರ್ಚಿ ಎಳೆದುಕೊಂಡರೆ ಮುಗಿಯುತ್ತಿತ್ತು. ಇಲ್ಲಿ ಹಾಗಲ್ಲ.

ಈ ಲೋಕಕ್ಕೆ ಏಳು ಅಂತಸ್ತು, ಏಳೂ ನೆಲದ ಕೆಳಗೆ. ಇಳಿದಷ್ಟೂ ಕತ್ತಲು ಹೆಚ್ಚು, ಕತ್ತಲು ಹೆಚ್ಚಿದಷ್ಟೂ ದೇವರ ದರ್ಜೆ ದೊಡ್ಡದು. ಮೊದಲ ಅಂತಸ್ತಿನ ಮಬ್ಬುದೇವ ಎಲ್ಲರಿಗಿಂತ ಸಣ್ಣ ದೇವರು. ಏಳನೆಯದರಲ್ಲಿರುವವರನ್ನು ಹೆಸರು ಹಿಡಿದು ಕರೆಯುವ ಎದೆಗಾರಿಕೆ ಯಾರಿಗೂ ಇಲ್ಲ, ಬರೀ 'ದೊಡ್ಡವರು' ಅನ್ನುತ್ತಾರೆ. ಬಡ್ತಿ ಸಿಕ್ಕವನು ಇಲ್ಲಿ ಕೆಳಗಿಳಿಯುತ್ತಾನೆ, ತಪ್ಪು ಮಾಡಿದವನನ್ನು ಮೇಲಕ್ಕೆ ಹತ್ತಿಸುತ್ತಾರೆ. ಆಸನಗಳಿಗೂ ಇದೇ ಲೆಕ್ಕ. ದೊಡ್ಡವರು ಕೂರುವುದು ಬರೀ ನೆಲದ ಮೇಲೆ. ಆರನೆಯ ಅಂತಸ್ತಿನ ದೇವರಿಗೆ ನಾಲ್ಕು ಬೆರಳೆತ್ತರದ ಮಣೆ. ಅಲ್ಲಿಂದ ಅಂತಸ್ತಿಗೆ ನಾಲ್ಕು ನಾಲ್ಕು ಬೆರಳು ಏರುತ್ತ ಮಬ್ಬುದೇವನ ಪೀಠ ಎಲ್ಲ ಪೀಠಗಳಿಗಿಂತ ಎತ್ತರ. ಅವನ ಗುಮಾಸ್ತರ ಕುರ್ಚಿ ಅದಕ್ಕಿಂತ ಇನ್ನೆರಡು ಬೆರಳು ಎತ್ತರ. ತನ್ನ ಅಧಿಕಾರಿಗಿಂತ ತಗ್ಗಿನಲ್ಲಿ ಕೂತವನ ಮೇಲೆ 'ಆಸನದೋಷ'ದ ದೂರು ಬೀಳುತ್ತದೆ. ನಿಂತೇ ಕೆಲಸ ಮಾಡೋಣವೆಂದರೆ, ಗಂಟೆ ಹೊಡೆದ ಮೇಲೆ ಕುರ್ಚಿಯಲ್ಲಿಲ್ಲದವನು ಕೆಲಸ ಬಿಟ್ಟಂತೆ ಎಂದು ಇನ್ನೊಂದು ನಿಯಮ. ನಿಯಮ ಮಾಡುವವರಿಗೆ ಮಾಡಲು ಬೇರೆ ಕೆಲಸವೂ ಇರಲಿಲ್ಲವೆನ್ನಿ.

ಮುರಿದು ಬಿದ್ದ ತುಂಡಿನ ಉದ್ದ ನಾಲ್ಕು ಬೆರಳು. ಗುಮಾಸ್ತ ತನ್ನ ಬೆರಳಿಟ್ಟೇ ಅಳೆದ. ಅಂದರೆ ಈಗ ಅವನು ಮಬ್ಬುದೇವನಿಗಿಂತ ಎರಡು ಬೆರಳು ತಗ್ಗು!

ಬೇರೆ ದಿನವಾಗಿದ್ದರೆ ಅವನು ಇಷ್ಟು ಹೆದರುತ್ತಿರಲಿಲ್ಲ. ಇವತ್ತು ವರ್ಗಾವಣೆ ಪಟ್ಟಿ ಹೊರಡುವ ದಿನ. ಸತ್ತು ಬಂದವರು ಬಾಗಿಲಲ್ಲೇ ತಮ್ಮ ನೆರಳು ಕಳಚಿ ಕೊಡಬೇಕು. ಅವನ್ನು ಮಡಿಸಿ, ದಪ್ತರದಲ್ಲಿ ಬರೆದು, ಎರಡನೆಯ ಅಂತಸ್ತಿಗೆ ಕಳಿಸುವುದು ಇವನ ಕೆಲಸ. ಅಲ್ಲಿ ಆ ನೆರಳುಗಳನ್ನು ಕತ್ತರಿಸಿ ದೇವರುಗಳಿಗೆ ನಿಲುವಂಗಿ ಹೊಲಿಯುವ ದರ್ಜಿ ಇವನ ಹೆಂಡತಿ. ಗಂಡ ಒಂದು ಅಂತಸ್ತು, ಹೆಂಡತಿ ಒಂದು ಅಂತಸ್ತು. ದಿನಾ ಸಂಜೆ ನಡುವಿನ ಮೆಟ್ಟಿಲ ಮೇಲೆ ಕಾಲು ಗಂಟೆ ಭೇಟಿ, ಅಷ್ಟೇ ಸಂಸಾರ. ಮುನ್ನೂರು ವರ್ಷ ಅರ್ಜಿ ಹಾಕಿ ಹಾಕಿ, ಈ ಸಲ ಅವನ ಹೆಸರು ಪಟ್ಟಿಯಲ್ಲಿ ಬಂದಿತ್ತು. ಸಂಜೆ ಆದೇಶಕ್ಕೆ ರುಜು ಬೀಳುವುದರೊಳಗೆ ಒಂದು ದೂರು ಬಂದರೆ ಹೆಸರಿಗೆ ಗೀಟು, ಮತ್ತೆ ಮುನ್ನೂರು ವರ್ಷ ಕಾಯಬೇಕು.

"ಏನಯ್ಯಾ ಅದು ಸದ್ದು?" ಪಕ್ಕದ ಮೇಜಿನಿಂದ ಮೊಹರಿನವ ಕತ್ತು ಚಾಚಿದ. ಕಾಗದಗಳಿಗೆ ಮೊಹರು ಒತ್ತುವುದು ಅವನ ಉದ್ಯೋಗ, ಕೇಳದಿದ್ದರೂ ಸಲಹೆ ಕೊಡುವುದು ಅವನ ಹವ್ಯಾಸ.

"ಏನಿಲ್ಲ, ಏನಿಲ್ಲ. ಲೇಖನಿ ಬಿತ್ತು."

"ಲೇಖನಿ ಬಿದ್ರೆ ನೀನ್ಯಾಕೆ ವಾಲ್ಕೊಂಡಿದ್ದೀಯ?"

ಅಷ್ಟರಲ್ಲಿ ದೀಪದಜ್ಜಿ ಬಂದಳು. ದೀಪಗಳು ಜಾಸ್ತಿ ಉರಿಯದಂತೆ ಬತ್ತಿ ಇಳಿಸುತ್ತ ತಿರುಗುವ ಮುದುಕಿ. ಬತ್ತಿ ಇಳಿಸುವುದು ನೆಪ, ಎಲ್ಲರ ಮೇಜಿಗೂ ಮೂಗು ತೂರಿಸುವುದೇ ನಿಜವಾದ ಕಸುಬು. ದೀಪವನ್ನು ಕುರ್ಚಿಯ ಕೆಳಗೆ ಹಿಡಿದು ನೋಡಿದವಳೇ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯೋ ನನ್ನಪ್ಪಾ! ಕಾಲೇ ಹೋಗಿದೆ!"

"ಅಜ್ಜೀ, ಕಾಲಿಗೆ ಬೀಳ್ತೀನಿ, ಕೂಗಬೇಡ. ಇವತ್ತು ಒಂದು ದಿನ ಯಾರಿಗೂ ಹೇಳಬೇಡ."

"ನಾನು ಯಾಕೆ ಹೇಳ್ಲಿ ಮಗಾ? ನನ್ನ ಬಾಯಿಂದ ಒಂದು ಮಾತು ಆಚೆ ಹೋಗಲ್ಲ" ಎಂದು ಅಜ್ಜಿ ಮುಂದಿನ ಮೇಜಿಗೆ ಹೋದಳು. ಆ ಮೇಜಿನವನು ತಕ್ಷಣ ಬಗ್ಗಿ ಈ ಕುರ್ಚಿಯ ಕೆಳಗೆ ನೋಡಿದ. ಅದರಾಚೆಯವನೂ ನೋಡಿದ.

"ನೋಡು, ಬಡಗಿಗೆ ಹೇಳಿ ಕಳಿಸಿದ್ರೆ ಅವನು ಬರೋಕೆ ನಲವತ್ತು ವರ್ಷ" ಎಂದ ಮೊಹರಿನವ. "ಸುಮ್ನೆ ನನ್ನ ಮಾತು ಕೇಳು. ಒಂದು ನೆರಳು ಮಡಚಿ ಕಾಲಿನ ಕೆಳಗೆ ಇಡು. ದಪ್ಪ ಇರೋದು ಇಡು. ಯಾರಿಗೆ ಗೊತ್ತಾಗುತ್ತೆ?"

ಸಲಹೆ ಬೇರೆ ಏನೂ ಇರಲಿಲ್ಲವಾದ್ದರಿಂದ ಅದೇ ಒಳ್ಳೆಯದಾಗಿ ಕಂಡಿತು. ಆ ಬೆಳಿಗ್ಗೆ ಬಂದ ಗಂಟಿನಲ್ಲಿ ಗುಮಾಸ್ತ ಎಲ್ಲಕ್ಕಿಂತ ದಪ್ಪನೆಯದನ್ನು ಹುಡುಕಿ ಎಳೆದ, ನಾಲ್ಕು ಮಡಿಕೆ ಮಾಡಿ ತುಂಡು ಕಾಲಿನಡಿ ತುರುಕಿದ. ಕುರ್ಚಿ ನೆಟ್ಟಗಾಯಿತು. ಹೋದ ಜೀವ ಬಂದಂತಾಗಿ ಕೂತು, ದಪ್ತರ ತೆರೆದು, ಅದು ಯಾರ ನೆರಳೆಂದು ಬರೆಯಲು ಹೊರಟ. ಚೀಟಿಯಲ್ಲಿ ಹೀಗಿತ್ತು: 'ಪಂದ್ಯದ ಸವಾರ. ಕುದುರೆ ಸಮೇತ.'

ಅಷ್ಟು ದಪ್ಪ ಯಾಕಿತ್ತೆಂದು ಆಗ ತಿಳಿಯಿತು.

ಬೆನ್ನ ಮೇಲೆ ಭಾರ ಬಿದ್ದೊಡನೆ ಕುದುರೆಯ ನೆರಳಿಗೆ ತನ್ನ ಕೆಲಸ ನೆನಪಾಯಿತು. ಕುರ್ಚಿ ಒಮ್ಮೆ ಕೆನೆಯಿತು. "ಹೋ ಹೋ ಹೋ!" ಎಂದ ಗುಮಾಸ್ತ. ಅದನ್ನು ಕುದುರೆ ಹೇಗೆ ಅರ್ಥ ಮಾಡಿಕೊಂಡಿತೋ, ಒಂದೇ ನೆಗೆತಕ್ಕೆ ಮೊಹರಿನವನ ಮೇಜು ದಾಟಿತು. ಮಸಿಕುಡಿಕೆಗಳು ಹಾರಿದವು. ನೆರಳು ಕೊಡಲು ಸಾಲಿನಲ್ಲಿ ನಿಂತಿದ್ದ ಸತ್ತವರು, ಸತ್ತಿದ್ದನ್ನೂ ಮರೆತು, ಜೀವ ಉಳಿಸಿಕೊಳ್ಳಲು ದಿಕ್ಕಾಪಾಲಾಗಿ ಓಡಿದರು.

"ಲಗಾಮು ಹಿಡ್ಕೋ!" ಹಿಂದಿನಿಂದ ಮೊಹರಿನವ ಸಲಹೆ ಕೊಟ್ಟ.

"ಕುರ್ಚಿಗೆ ಎಲ್ಲಿದೆಯೋ ಲಗಾಮು!"

ಕುರ್ಚಿ ಸಭಾಂಗಣವನ್ನು ಎರಡು ಸುತ್ತು ಹಾಕಿ, ಮಬ್ಬುದೇವನ ಕೋಣೆಯ ಬಾಗಿಲನ್ನು ಎದೆಯಿಂದ ತಳ್ಳಿ, ಪೀಠದ ಮುಂದೆ ಗಕ್ಕನೆ ನಿಂತಿತು. ಗುಮಾಸ್ತ ನಿಲ್ಲಲಿಲ್ಲ. ಗಾಳಿಯಲ್ಲಿ ತೇಲಿಹೋಗಿ ದೇವರ ಪಾದದ ಬಳಿ ಅಂಗಾತ ಬಿದ್ದ. ಗೆದ್ದಲು ನಾಲ್ಕೂ ಕಾಲನ್ನು ಒಂದೇ ಮಟ್ಟಕ್ಕೆ ತಿಂದಿತ್ತೆಂದು ಕಾಣುತ್ತದೆ, ನಿಂತ ರಭಸಕ್ಕೆ ಉಳಿದ ಮೂರು ಕಾಲೂ ನಾಲ್ಕು ಬೆರಳಿಗೆ ಸರಿಯಾಗಿ ಅಳೆದು ಕುಯ್ದಂತೆ ಮುರಿದವು. ಕುದುರೆ ನೆರಳು ಬಂದ ಬಾಗಿಲಿನಿಂದಲೇ ಹಾರಿ ಹೋಯಿತು.

ಇಲ್ಲಿ ದೇವರನ್ನು ಕಾಣಲು ಬಂದವರು ಏಣಿ ಹತ್ತಿ, ಎತ್ತರದಲ್ಲಿ ನಿಂತು ಕೈಮುಗಿಯಬೇಕು, ಅದೇ ಮರ್ಯಾದೆ. ನೆಲದ ಮೇಲೆ ಮಲಗಿದವನನ್ನು ನೋಡಿ ಮಬ್ಬುದೇವನ ಬೂದು ಮುಖ ಇನ್ನಷ್ಟು ಬೂದಾಯಿತು.

"ಏಳಯ್ಯಾ, ಏಳು! ದೊಡ್ಡವರು ಕೂರೋ ಮಟ್ಟದಲ್ಲಿ ಮಲಗಿದ್ದೀಯ! ಯಾರಾದ್ರೂ ನೋಡಿದ್ರೆ ನಿನ್ನ ಜೊತೆ ನನ್ನನ್ನೂ ಮೇಲಕ್ಕೆ ಕಳಿಸ್ತಾರೆ!"

ಗುಮಾಸ್ತ ಗಾಬರಿಯಿಂದ ಎದ್ದು, ಕೈಗೆ ಸಿಕ್ಕ ಕುರ್ಚಿಯ ಮೇಲೆ ಕೂತ. ಅದು ಅವನದೇ ಕುರ್ಚಿ. ಈಗ ದೇವರು ಎರಡು ಬೆರಳು ಮೇಲೆ, ಗುಮಾಸ್ತ ಎರಡು ಬೆರಳು ಕೆಳಗೆ. ಬಾಗಿಲಲ್ಲಿ ದೀಪದಜ್ಜಿ ದೀಪ ಎತ್ತಿ ಹಿಡಿದು ಇಬ್ಬರನ್ನೂ ಚೆನ್ನಾಗಿ ನೋಡಿದಳು.

"ನಾನೇನೂ ನೋಡಿಲ್ಲಪ್ಪ" ಎಂದು ಮೆಟ್ಟಿಲ ಕಡೆ ನಡೆದಳು.

"ಹೋದಳು! ಕೆಳಗೆ ಹೇಳೋಕೇ ಹೋದಳು!" ಮಬ್ಬುದೇವ ತಲೆ ಮೇಲೆ ಕೈ ಹೊತ್ತ. ಅವನೇನೂ ಕೆಟ್ಟ ದೇವರಲ್ಲ. ಊಟ, ನಿದ್ದೆ, ಅಷ್ಟೋ ಇಷ್ಟೋ ಶಾಪ, ಇಷ್ಟರಲ್ಲೇ ತೃಪ್ತಿಯಾಗಿದ್ದವನು. "ದೂರು ಬರೆಯದೆ ವಿಧಿಯಿಲ್ಲ ಕಣಯ್ಯಾ. ನಿನ್ನ ಹೆಸರು ಪಟ್ಟಿಯಲ್ಲಿ ಬೇರೆ ಇದೆಯಲ್ಲ, ಪಾಪ."

ಗುಮಾಸ್ತನಿಗೆ ಮೆಟ್ಟಿಲ ಮೇಲೆ ಕಾಯುವ ಹೆಂಡತಿಯ ಮುಖ ಕಣ್ಣಿಗೆ ಕಟ್ಟಿತು. ಇನ್ನೂ ಮುನ್ನೂರು ವರ್ಷ! ಆ ಸಂಕಟದಲ್ಲಿ, ಜನ್ಮದಲ್ಲಿ ಯಾರಿಗೂ ಸಲಹೆ ಕೊಡದವನು ಬಾಯಿ ತೆರೆದ.

"ಸ್ವಾಮೀ... ತಮ್ಮ ಪೀಠವನ್ನೂ ನಾಲ್ಕು ಬೆರಳು ಕುಯ್ದುಬಿಟ್ರೆ? ಮತ್ತೆ ತಾವು ನನಗಿಂತ ಎರಡು ಬೆರಳು ಕೆಳಗೇ ಇರ್ತೀರಿ. ದೋಷ ಎಲ್ಲಿ ಬಂತು?"

ಮಬ್ಬುದೇವ ಬಗ್ಗಿ ತನ್ನ ಪೀಠದ ಕಾಲು ನೋಡಿಕೊಂಡ. ಸಾವಿರಾರು ವರ್ಷದಲ್ಲಿ ಅವನ ಪೀಠವನ್ನು ಯಾರೂ ತಗ್ಗಿಸಿರಲಿಲ್ಲ. ಮುಖದಲ್ಲಿ ನಿಧಾನವಾಗಿ ನಗು ಮೂಡಿತು.

"ತರಿಸು ಗರಗಸ" ಎಂದ.

ಹತ್ತು ನಿಮಿಷದ ಕೆಲಸ. ಮಬ್ಬುದೇವ ಹೊಸ ಎತ್ತರದಲ್ಲಿ ಕೂತು, ಆಹಾ, ಕಾಲು ನೆಲಕ್ಕೆ ತಾಗುತ್ತಿದೆ ಎಂದು ಸಂತೋಷಪಟ್ಟ. ಗುಮಾಸ್ತ ಕುರ್ಚಿ ಹೊತ್ತು ತನ್ನ ಮೇಜಿಗೆ ಮರಳಿದ. ಅವನ ಪಕ್ಕದವರೆಲ್ಲ ಈಗ ಎತ್ತರದಲ್ಲಿದ್ದರು, ಆದರೆ ಅದು ಅವರ ತಲೆನೋವು. ಸಂಜೆ ಆದರೆ ಸಾಕು ಎಂದುಕೊಂಡು ನೆರಳು ಮಡಿಸತೊಡಗಿದ.

ಸ್ವಲ್ಪ ಹೊತ್ತಿನಲ್ಲಿ ಕೆಳಗಿನಿಂದ ಗರಗರ ಸದ್ದು ಕೇಳಿತು.

"ಎರಡನೇ ಅಂತಸ್ತು" ಎಂದ ಮೊಹರಿನವ, ನೆಲಕ್ಕೆ ಕಿವಿ ಕೊಟ್ಟು. "ನಮ್ಮ ಸ್ವಾಮಿಗಳು ಇಳಿದು ಅವರ ದೇವಿಗೆ ಸಮ ಆಗಿಬಿಟ್ರಲ್ಲ. ಅಜ್ಜಿ ಹೋಗಿ ಹೇಳಿರ್ತಾಳೆ. ಅವರೂ ಕುಯ್ಯಿಸ್ತಿದ್ದಾರೆ."

ಗುಮಾಸ್ತನ ಕೈ ನಿಂತಿತು. ಎರಡನೆಯ ದೇವಿ ಇಳಿದರೆ ಮೂರನೆಯವರಿಗೆ ಸಮ. ಮಧ್ಯಾಹ್ನದ ಹೊತ್ತಿಗೆ ಗರಗಸದ ಸದ್ದು ಮೂರಕ್ಕೆ ಇಳಿಯಿತು, ಊಟ ಮುಗಿಯುವಷ್ಟರಲ್ಲಿ ನಾಲ್ಕು, ಐದು. ಆರನೆಯದು ತೀರಾ ಆಳ, ಸೊಳ್ಳೆ ಗುಂಯ್‌ಗುಟ್ಟಿದಷ್ಟೇ ಕೇಳಿತು. ಆಮೇಲೆ ನಿಂತಿತು. ಇಡೀ ಕಚೇರಿ ನೆಲಕ್ಕೆ ಕಿವಿ ಕೊಟ್ಟಿತು. ಆರನೆಯ ದೇವರ ಮಣೆ ಈಗ ನೆಲಸಮ. ದೊಡ್ಡವರು ಮೊದಲಿನಿಂದಲೂ ನೆಲದ ಮೇಲೆ. ಕುಯ್ಯುವುದೇನನ್ನು?

"ಈಗ ಏನ್ ಮಾಡ್ತಾರೆ?" ಗುಮಾಸ್ತ ಪಿಸುಗುಟ್ಟಿದ.

ಆಳದಿಂದ ಗುದ್ದಲಿಯ ಸದ್ದು ಬಂತು. ಧಪ್. ಧಪ್. ಧಪ್. ದೊಡ್ಡವರ ನೆಲವನ್ನು ನಾಲ್ಕು ಬೆರಳು ಅಗೆಯುತ್ತಿದ್ದರು. ಆಮೇಲೆ ಧೊಪ್ಪೆಂದು ಏನೋ ಕುಸಿದು ಏಳೂ ಅಂತಸ್ತು ನಡುಗಿದವು. ದೀಪಗಳು ಒಮ್ಮೆ ಆರಿ ಹೊತ್ತಿಕೊಂಡವು. ಗುಮಾಸ್ತ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು, ನನ್ನ ಕತೆ ಮುಗಿಯಿತು ಎಂದುಕೊಂಡ.

ಒಂದು ಗಂಟೆ ಕಳೆದ ಮೇಲೆ ದೀಪದಜ್ಜಿ, ದಾರಿಯ ಅಂತಸ್ತುಗಳಿಗೆಲ್ಲ ಸುದ್ದಿ ಹೇಳಿಕೊಂಡು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು.

"ನಾನು ಯಾರಿಗೂ ಹೇಳಲ್ಲ, ಆದ್ರೂ ಕೇಳಿ! ನೆಲ ಕುಸಿದು ದೊಡ್ಡವರು ಒಳಗೆ ಬಿದ್ರು!"

"ಅಯ್ಯೋ!"

"ಅಯ್ಯೋ ಏನು ಬಂತು? ಕೆಳಗೊಂದು ಗುಹೆ ಇತ್ತಂತೆ. ಇನ್ನೂ ಕತ್ತಲು, ತಣ್ಣಗೆ, ಒಂದು ಕಾಗದ ಇಲ್ಲ, ಒಬ್ಬ ಗುಮಾಸ್ತ ಇಲ್ಲ. ಬಿದ್ದ ಕಡೆಯೇ ಮಗ್ಗುಲು ತಿರುಗಿಸಿ ಮಲಗಿದ್ರಂತೆ. ಯುಗಗಳೇ ಆಗಿತ್ತು ಇಂಥ ನಿದ್ದೆ ಬಂದು, ಇನ್ಮೇಲೆ ಇಲ್ಲೇ ಇರ್ತೀನಿ ಅಂದ್ರಂತೆ. ಎಂಟನೇ ಅಂತಸ್ತು! ಎಲ್ಲರಿಗೂ ಬಡ್ತಿ! ಎಲ್ಲರೂ ಇವತ್ತೇ ಒಂದೊಂದು ಅಂತಸ್ತು ಕೆಳಗಿಳೀಬೇಕಂತೆ, ಕೆಳಗಿನವರು ಮೊದಲು!"

ಕಚೇರಿಯಲ್ಲಿ ಹರ್ಷೋದ್ಗಾರ. ಮಬ್ಬುದೇವ ಕೋಣೆಯಿಂದ ಓಡಿ ಬಂದು ಗುಮಾಸ್ತನನ್ನು ತಬ್ಬಿಕೊಂಡ. "ನಿನ್ನ ಬಾಯಿಗೆ ಸಕ್ಕರೆ ಹಾಕ!"

ಗುಮಾಸ್ತನ ಕಿವಿಗೆ ಬಿದ್ದದ್ದು ಒಂದೇ ಮಾತು. ಒಂದು ಅಂತಸ್ತು ಕೆಳಗೆ. ಅಂದರೆ ಎರಡನೆಯದು! ಅರ್ಜಿಯಿಲ್ಲ, ಪಟ್ಟಿಯಿಲ್ಲ, ಸಂಜೆಯ ತನಕ ಕಾಯಬೇಕಾಗಿಲ್ಲ. ದಿನವಿಡೀ ನೆರಳು ಎಣಿಸುವ ಮನುಷ್ಯ ಆ ಹೊತ್ತಿನಲ್ಲಿ ಇನ್ನೇನನ್ನೂ ಎಣಿಸಲಿಲ್ಲ. ಪೆಟ್ಟಿಗೆ ಕಂಕುಳಲ್ಲಿ, ಹಾಸಿಗೆ ಬೆನ್ನ ಮೇಲೆ, ಕುಳ್ಳ ಕುರ್ಚಿ ತಲೆಯ ಮೇಲೆ ಹೊತ್ತು ಎರಡೆರಡು ಮೆಟ್ಟಿಲು ಹಾರುತ್ತ ಇಳಿದ.

"ಲೇ, ಬಂದೆ ಕಣೇ! ಬಂದೇಬಿಟ್ಟೆ!"

ದರ್ಜಿಯ ಕೋಣೆಯ ಬಾಗಿಲು ತೆರೆದಿತ್ತು. ನೆಲ ಗುಡಿಸಿ ಒರೆಸಿತ್ತು. ಗೋಡೆಗೆ ಎರಡು ಗೂಟ ಹೊಡೆದಿತ್ತು, ಒಂದು ಹೊಸದು. ಮೂಲೆಯಲ್ಲಿ ತುಂಡು ದಾರ ಬಿದ್ದಿತ್ತು. ಹೊಲಿಗೆಯ ಮೇಜಿಲ್ಲ, ಹಾಸಿಗೆಯಿಲ್ಲ, ಹೆಂಡತಿಯೂ ಇಲ್ಲ.

"ರೀ!" ಕೆಳಗಿನ ಮೆಟ್ಟಿಲಿಂದ ಧ್ವನಿ ಬಂತು. "ಇಲ್ಲಿದ್ದೀನಿ ಕಣ್ರೀ!"

ಎರಡಕ್ಕೂ ಮೂರಕ್ಕೂ ನಡುವಿನ ಮೆಟ್ಟಿಲ ಮೇಲೆ ಅವಳು ಕೂತಿದ್ದಳು, ಪಕ್ಕದಲ್ಲಿ ಬುತ್ತಿ. ಕಣ್ಣು ಕೆಂಪಾಗಿತ್ತು.

"ಈಗ ತಾನೇ ಎಲ್ಲರನ್ನೂ ಮೂರಕ್ಕೆ ಇಳಿಸಿಬಿಟ್ರು. ನಿಂತು ಹೇಳೋಕೂ ಬಿಡಲಿಲ್ಲ."

ಗುಮಾಸ್ತ ಧೈರ್ಯ ತಂದುಕೊಂಡು, "ಪಟ್ಟಿ ಇದೆಯಲ್ಲ? ನನ್ನ ವರ್ಗದ ಆದೇಶ?" ಎಂದ.

ಅವಳು ಸೆರಗಿನ ಗಂಟು ಬಿಚ್ಚಿ ಕಾಗದ ತೆಗೆದಳು. "ಬೆಳಿಗ್ಗೆಯೇ ನಮ್ಮ ದೇವಿ ರುಜು ಹಾಕಿದ್ರು. ರುಜು ಆದ ಮೇಲೆ ಯಾವ ದೂರೂ ತಟ್ಟಲ್ಲ. ಮೂರು ನಿಲುವಂಗಿ ಹೊಲಿದುಕೊಟ್ಟು ಸಂಜೆವರೆಗೂ ಕಾಯಿಸದ ಹಾಗೆ ಮಾಡ್ಕೊಂಡಿದ್ದೆ. ಕೋಣೆ ಗುಡಿಸಿ, ನಿಮ್ಮ ಅಂಗಿಗೆ ಗೂಟ ಹೊಡೆದು, ಮೊಹರಿಗೆ ಮೇಲೆ ಕಳಿಸೋಣ ಅನ್ನೋಷ್ಟರಲ್ಲಿ ಪೀಠ ಕುಯ್ಯೋ ಗಲಾಟೆ ಶುರುವಾಯ್ತು, ಕಾಗದಗಳೆಲ್ಲ ನಿಂತುಹೋದ್ವು."

ಗುಮಾಸ್ತ ಓದಿದ. 'ಸದರಿ ನೆರಳುಗುಮಾಸ್ತನನ್ನು ಎರಡನೆಯ ಅಂತಸ್ತಿಗೆ ವರ್ಗಾಯಿಸಲಾಗಿದೆ.'

"ಓ, ಇದು ಇಲ್ಲಿದೆಯಾ!" ಗಂಟುಮೂಟೆ ಹೊತ್ತು ಇಳಿಯುತ್ತಿದ್ದ ಮೊಹರಿನವ ಅವನ ಭುಜದ ಮೇಲಿಂದ ಬಗ್ಗಿ ನೋಡಿದ. "ಎರಡನೇ ಅಂತಸ್ತಿಗೆ ವರ್ಗ. ನೀನು ಎರಡನೇ ಅಂತಸ್ತಿಗೆ ಬಂದಾಯ್ತಲ್ಲ." ಸೊಂಟದಿಂದ ಮೊಹರು ತೆಗೆದು ಹಬೆಯೂದಿ, ಕಾಗದದ ಮೇಲೆ ಟಪ್ಪನೆ ಒತ್ತಿದ. "ಕೋರಿಕೆ ಈಡೇರಿದೆ. ಕಡತ ಮುಕ್ತಾಯ. ಮತ್ತೆ ಹಾಕೋದಾದ್ರೆ ಹೊಸ ಅರ್ಜಿ ಹಾಕು. ನನ್ನ ಮಾತು ಕೇಳು, ಇವತ್ತೇ ಹಾಕು. ಬೇಗ ಅಂದ್ರೂ ಮುನ್ನೂರು ವರ್ಷ ಆಗುತ್ತೆ."

ಅವನು ಗಂಟುಮೂಟೆ ಸರಿಮಾಡಿಕೊಂಡು ಇಳಿದುಹೋದ.

"ನಿಮ್ಮ ಅಂತಸ್ತಿನಲ್ಲೇ ಯಾವನೋ ಕುರ್ಚಿ ಕಾಲು ಮುರ್ಕೊಂಡನಂತೆ" ಎಂದಳು ಹೆಂಡತಿ, ಬುತ್ತಿ ಬಿಚ್ಚುತ್ತ. "ಸುಮ್ನೆ ದೂರು ಬರೆಸ್ಕೊಂಡು ತೆಪ್ಪಗೆ ಕೂತಿದ್ರೂ ಸಾಕಿತ್ತು. ಪೀಠ ಕುಯ್ಯಿ ಅಂತ ದೇವರಿಗೇ ಬುದ್ಧಿ ಹೇಳಿದನಂತಲ್ಲ, ಮಹಾನುಭಾವ! ಕೈಗೆ ಸಿಕ್ಕಿದ್ರೆ ಅವನ ಬಾಯಿಗೆ ಹೊಲಿಗೆ ಹಾಕ್ತಿದ್ದೆ. ಯಾರ್ರೀ ಅವನು?"

"ಯಾರೋ ಏನೋ" ಎಂದ ಗುಮಾಸ್ತ.

ಬೆನ್ನ ಮೇಲಿನ ಹಾಸಿಗೆಯನ್ನೂ ತಲೆಯ ಮೇಲಿದ್ದ ಕುರ್ಚಿಯನ್ನೂ ಮೆಲ್ಲಗೆ ಇಳಿಸಿ, ಕುರ್ಚಿಯನ್ನು ಅವಳಿಗೆ ಕಾಣದಂತೆ ಹಾಸಿಗೆಯ ಹಿಂದೆ ಸರಿಸಿದ. ಆಮೇಲೆ ಮುನ್ನೂರು ವರ್ಷದಿಂದ ಕೂರುತ್ತಿದ್ದಂತೆ ಅವಳಿಗಿಂತ ಒಂದು ಮೆಟ್ಟಿಲು ಮೇಲೆ ಕೂತುಕೊಂಡ. ಕೂರುವ ಮುಂಚೆ ಮಾತ್ರ ಮೆಟ್ಟಿಲನ್ನು ಕೈಯಿಂದ ಒಮ್ಮೆ ಅಲ್ಲಾಡಿಸಿ ನೋಡಿದ.