ಕಾಲುವೆಗೆ ಹಾಕಿದ ಹೊಲಿಗೆ

ಹೊಗಳಿಸಿಕೊಳ್ಳುವ ಆಸೆ ತಮಗಿಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ನನಗೆ ಆ ಆಸೆ ಬೇಕಾದಷ್ಟಿದೆ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟು ಐವತ್ತು ವರ್ಷ ಮಸ್ಕಿಯಲ್ಲಿ ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿದೆ. ಹೊದ್ದುಕೊಂಡವರೆಲ್ಲ ನಿದ್ದೆ ಹೋದರೇ ಹೊರತು ಎದ್ದು ಕೂತು ಹೊಗಳಿದವರಿಲ್ಲ. ಆದ್ದರಿಂದ ಈ ಸಂಗತಿಯನ್ನು ನಾನೇ ಹೇಳಬೇಕಾಗಿದೆ.

ನನ್ನ ಸೊಸೆ ಸುನಂದಾ ಲ್ಯಾಪ್‌ಟಾಪಿನಲ್ಲಿ ಮದುವೆ ಮಂಟಪದ ದೊಡ್ಡ ಪರದೆಗೆ ಚಿತ್ರ ಮಾಡುತ್ತಾಳೆ. ಮದುಮಕ್ಕಳ ಬೆನ್ನ ಹಿಂದೆ ದೀಪ ಓಲಾಡುವುದು, ಹೂ ಉದುರುವುದು ಎಲ್ಲ ಅವಳ ಕೆಲಸ. ಹತ್ತು ಸೆಕೆಂಡಿನ ಚಿತ್ರವೇ ತಿರುತಿರುಗಿ ಮೂರು ತಾಸು ಓಡಬೇಕು. ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಗೊತ್ತಾಗಬಾರದು. ಅವಳು ಅದಕ್ಕೆ ಲೂಪ್ ಎನ್ನುತ್ತಾಳೆ. ನಾನು ಕುಂತಲ್ಲೇ ಕುಂತು ಹೊತ್ತು ಕಳೆಯುವ ಕೆಲಸ ಎನ್ನುತ್ತಿದ್ದೆ. ನನ್ನದೂ ಅಂಥದೇ ಕೆಲಸ ಎಂಬುದು ಆಗ ಹೊಳೆದಿರಲಿಲ್ಲ.

ಸಿಂಧನೂರು ಕಡೆಯ ಗೌಡರೊಬ್ಬರು ಮಗಳ ಮದುವೆಯನ್ನು ಲಿಂಗಸುಗೂರಿನ ಕಲ್ಯಾಣ ಮಂಟಪದಲ್ಲಿ ಇಟ್ಟುಕೊಂಡಿದ್ದರು. ಅಷ್ಟು ದೊಡ್ಡ ಪರದೆ ಸುನಂದಾಗೆ ಮೊದಲ ಸಲ. ಚೆನ್ನಾಗಿ ಬಂದರೆ ಮುಂದಿನ ಮದುವೆಗಳೂ ನಿನಗೇ ಎಂದು ಮಂಟಪದವರು ಹೇಳಿದ್ದರು. ಕೆಟ್ಟರೆ ಲ್ಯಾಪ್‌ಟಾಪು ಮಾರಿ ನಿಮ್ಮ ಜೊತೆ ಕೌದಿಗೆ ಕೂಡುತ್ತೇನೆ ಎಂದು ಇವಳು ಹೇಳಿದ್ದಳು. ಅವಳ ಹೊಲಿಗೆ ನಾನು ಕಂಡಿದ್ದೇನೆ. ಹಾಗಾಗಲು ಬಿಡುವಂತಿರಲಿಲ್ಲ.

ಗೌಡರಿಗೆ ದೀಪ, ಹೂ ಬೇಡ. ತಮ್ಮದೇ ಗದ್ದೆ, ತಮ್ಮದೇ ಕಾಲುವೆ ಬೇಕು. ಸುನಂದಾ ಹೋಗಿ ವಿಡಿಯೋ ತೆಗೆದುಕೊಂಡು ಬಂದಳು. ಭತ್ತ ತೂಗುತ್ತಿದೆ, ನೀರು ಹರಿಯುತ್ತಿದೆ, ಎಡಗಡೆಯಿಂದ ಬೆಳ್ಳಕ್ಕಿಯೊಂದು ಹಾರಿಬಂತು, ನಡು ಆಕಾಶದಲ್ಲಿ ಮಾಯವಾಯಿತು, ಮತ್ತೆ ಎಡಗಡೆಯಿಂದ ಬಂತು.

“ಲೇ, ಆ ಹಕ್ಕೀನ ಯಾರು ನುಂಗಿದ್ರು?”

“ಹತ್ತು ಸೆಕೆಂಡಿಗೆ ಕಟ್ ಮಾಡೀನಿ ಅತ್ತೀ, ಜೋಡಿಸಿದಲ್ಲಿ ಜಿಗೀತೈತಿ. ನೀವು ಸುಮ್ನ ಕುಂದರ್ರಿ.”

ಅವಳು ಜಿಗಿತ ತಪ್ಪಿಸಲು, ಚಿತ್ರ ಮುಗಿದ ಕೂಡಲೇ ಅದೇ ಕೊನೆಯಿಂದ ಹಿಂದಕ್ಕೆ ಓಡುವಂತೆ ಮಾಡಿ ಗೌಡರಿಗೆ ಕಳಿಸಿದಳು. ಗೌಡರ ಫೋನು ಬಂತು.

“ತಂಗಿ, ನಮ್ದು ಕಾಲುವಿ ಕಟ್ಟಕಡೀ ಹೊಲ. ನೀರು ಬರೂದ ಅಪರೂಪ. ಬಂದ ನೀರನ್ನ ನೀ ವಾಪಸ್ ಡ್ಯಾಮಿಗೆ ಕಳಸಾಕತ್ತೀಯಲ್ಲ, ಬೀಗರು ಏನಂದಾರು?”

“ತಪ್ಪಾತ್ರಿ ಗೌಡ್ರ. ಸರಿ ಮಾಡ್ತೀನ್ರಿ.”

“ನಾಳಿಗೆ ಮದಿವಿ. ನೀರು ಮುಂದಕ್ಕ ಹೋಗ್ಲಿಲ್ಲಂದ್ರ ಪರದಿ ಬ್ಯಾಡ. ನಾಲ್ಕು ಬಾಳಿಗಿಡ ಕಟ್ಟಿಸ್ತೀನಿ.”

ಸುನಂದಾ ಕಣ್ಣೊರೆಸಿಕೊಂಡಳು. ಅಳುವವರನ್ನು ಸಮಾಧಾನ ಮಾಡುವುದು ನನಗೆ ಬರುವುದಿಲ್ಲ. ಕತ್ತರಿ ಹಿಡಿಯುವುದು ಬರುತ್ತದೆ. ಮಂಚದ ಮೇಲಿನ ಚೌಕುಳಿ ಚಾದರ ಎಳೆದು ಸರಿಯಾಗಿ ನಡುವೆ ಕತ್ತರಿಸಿದೆ.

“ಅತ್ತೀ, ಅದು ಹೊಸಾದು.”

“ಹೊಸಾದು ಇತ್ತು. ಈಗ ನೋಡಿಲ್ಲಿ.”

ನಡುವೆ ಸವೆದ ಸೀರೆಗೆ ನಮ್ಮವ್ವ ಮಾಡುತ್ತಿದ್ದ ಉಪಾಯ ಇದು. ನಡುವೆ ಕತ್ತರಿಸಿ, ಹಿಂದಿನ ತುಂಡನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಇಡಬೇಕು. ಆಗ ಕತ್ತರಿಸಿದ ಜಾಗಗಳೇ ಎರಡು ತುದಿಗಳಾಗುತ್ತವೆ. ಈಗಷ್ಟೇ ಒಂದೇ ಬಟ್ಟೆಯಾಗಿದ್ದ ಅವು, ಸುತ್ತಿ ಮತ್ತೆ ಕೂಡಿಸಿದರೆ ಜಗಳವಾಡುವುದಿಲ್ಲ. ಒಂದಕ್ಕೊಂದು ಹೊಂದದ ಹಳೆಯ ತುದಿಗಳು ನಡುವಿಗೆ ಬರುತ್ತವೆ. ಅವನ್ನು ಒಂದರ ಮೇಲೊಂದು ನಾಲ್ಕು ಬೆರಳು ಹಾಸಿ, ಗೆರೆಗೆ ಗೆರೆ ಕೂಡಿಸಿ ಹೊಲಿದರೆ ಮುಗಿಯಿತು. ನಿನ್ನ ಚಿತ್ರಕ್ಕೂ ಹೀಗೇ ಮಾಡು ಎಂದೆ.

“ಮತ್ತ ಹಕ್ಕಿ?”

“ಅದು ದಾಟಿ ಹೋಗೂತನ ಕಟ್ ಮಾಡಬ್ಯಾಡ. ಹತ್ತು ಸೆಕೆಂಡ್ ಅಂತ ಅದಕ್ಕೇನು ಗೊತ್ತೈತಿ?”

ಸುನಂದಾ ಚಾದರವನ್ನೂ ನನ್ನನ್ನೂ ನೋಡಿದಳು. ಹಕ್ಕಿ ದಾಟುವವರೆಗೂ ಬಿಟ್ಟಳು, ನಡುವೆ ಕತ್ತರಿಸಿದಳು, ತುಂಡುಗಳನ್ನು ಅದಲುಬದಲಾಗಿ ಇಟ್ಟಳು, ನಡುವೆ ಒಂದು ಚಿತ್ರ ಕರಗುತ್ತ ಇನ್ನೊಂದು ಮೂಡುವಂತೆ ಹಾಸಿದಳು. ಬೆಳ್ಳಕ್ಕಿ ಬಂತು, ದಾಟಿತು, ಹೋಯಿತು. ನೀರು ಮುಂದಕ್ಕೇ ಹರಿಯಿತು. ಕೌದಿಯ ಹೊಲಿಗೆಯನ್ನು ಬೆರಳಲ್ಲೇ ಹುಡುಕುವ ನಾನು ಕನ್ನಡಕ ಹಾಕಿಕೊಂಡು ನೋಡಿದರೂ ಜೋಡಿಸಿದ ಜಾಗ ಸಿಗಲಿಲ್ಲ.

ಮರುದಿನ ಮಂಟಪದಲ್ಲಿ ಮುಂದಿನ ಸಾಲಿನಲ್ಲೇ ಕೂತೆ. ಗೌಡರು ಅಕ್ಷತೆ ಕೈಯಲ್ಲಿ ಹಿಡಿದು ಮಗಳನ್ನು ಬಿಟ್ಟು ಕಾಲುವೆ ನೋಡುತ್ತಿದ್ದರು. “ಭೇಷ್, ನಿಲ್ಲವಲ್ದು ನೋಡು ನೀರು,” ಎಂದರು. ಮಂಟಪದವರು ಊಟಕ್ಕೆ ಮೊದಲೇ ಸುನಂದಾಗೆ ಇನ್ನೆರಡು ಮದುವೆ ಒಪ್ಪಿಸಿದರು.

ನನ್ನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಕಾಣದ ಹೊಲಿಗೆಯನ್ನು ಯಾರು ಹೊಗಳುತ್ತಾರೆ? ಪಕ್ಕದಲ್ಲಿದ್ದ ಹೆಂಗಸನ್ನು ನಾನೇ ಕೇಳಿದೆ: “ಅದನ್ನ ಎಲ್ಲಿ ಜೋಡಿಸ್ಯಾರ ಹೇಳವ್ವಾ.” ಅವಳು “ಯಾವುದನ್ರೀ?” ಎಂದಳು. ಹಕ್ಕಿಯಿಂದ ಶುರುಮಾಡಿ ಚಾದರದವರೆಗೆ ಹೇಳಿದೆ. ಊಟದ ಪಂಕ್ತಿಯಲ್ಲಿ ಎದುರಿನವರಿಗೆ ಹೇಳಿದೆ. ಮಸ್ಕಿ ಬಸ್ಸಿನಲ್ಲಿ ಕಂಡಕ್ಟರನಿಗೂ ಹೇಳಿದೆ. ಅವನು ಟಿಕೇಟು ಹರಿಯುವ ನೆಪದಲ್ಲಿ ಹಿಂದಕ್ಕೆ ಹೋದ.

ಸುನಂದಾ ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕಳು. “ಅತ್ತೀ, ಹಕ್ಕಿಂದ ಶುರು ಮಾಡಿ ಚಾದರಕ್ಕ ಬರ್ತೀರಿ, ಚಾದರದಿಂದ ಮತ್ತ ಹಕ್ಕಿಗೆ ಹೋಗ್ತೀರಿ. ಎಲ್ಲಿ ಜೋಡಿಸೀರಿ, ಎಲ್ಲಿ ಮುಗೀತು ಅಂತ ತಿಳಿದ್ರ ತಾನ ಮಂದಿ ಎದ್ದು ಹೋಗೂದು?”

ಐವತ್ತು ವರ್ಷದಲ್ಲಿ ನನ್ನ ಹೊಲಿಗೆಗೆ ಸಿಕ್ಕ ಮೊದಲ ಹೊಗಳಿಕೆ ಎಂದು ನಾನದನ್ನು ಇಟ್ಟುಕೊಂಡಿದ್ದೇನೆ.